ಓರೆಬಾಯಿಯ ತುಂಬೆ, ನೇರಬಾಯಿಯ ತುಂಬೆ

೪ ಸೆಪ್ಟೆಂಬರ್ ೧೯೮೮

ಅತ್ತೆಗೆ ನಮಸ್ಕಾರ.

ನಿಮಗೆ ಕಾಗದ ಬರೆದು ಎರಡು ವರ್ಷವಾಯಿತು. ಬೈದುಕೊಳ್ಳುತ್ತಲೇ ಓದಿ, ಆದರೆ ಪೂರ್ತಿ ಓದಿ.

ಅಪ್ಪನ ಗಿಡಗಳ ಕೈಪಿಡಿಯನ್ನು ನಮ್ಮ ಸಸ್ಯ ಸಂಗ್ರಹಾಲಯದವರು ಎರಡನೇ ಸಲ ಅಚ್ಚು ಹಾಕಿಸುತ್ತಿದ್ದಾರೆ. ಮೊದಲ ಮುದ್ರಣದ ಪ್ರತಿಗಳು ಮುಗಿದು ಹತ್ತು ವರ್ಷವಾಗಿತ್ತು. ಇದ್ದಬದ್ದ ಪ್ರತಿಗಳನ್ನೇ ವಿದ್ಯಾರ್ಥಿಗಳು ಕೈಯಿಂದ ಕೈಗೆ ದಾಟಿಸಿ, ಹಾಳೆ ಕಿತ್ತುಬರುವ ತನಕ ಓದುತ್ತಿದ್ದರು. ಅಪ್ಪ ನಿವೃತ್ತರಾದ ಮೇಲೆ ಅವರು ಒತ್ತಿ ಒಣಗಿಸಿದ ಗಿಡಗಳ ಹಾಳೆಗಳನ್ನು ನೋಡಿಕೊಳ್ಳುವವಳು ನಾನೇ ಆದ್ದರಿಂದ, ಕರಡು ತಿದ್ದುವ ಕೆಲಸವೂ ನನ್ನ ತಲೆಗೇ ಬಂದಿದೆ. ಡಿಸೆಂಬರ್ ಕೊನೆಗೆ ಪ್ರೆಸ್ಸಿಗೆ ಕೊಡಬೇಕು.

ಒಳಪುಟಕ್ಕೆ ಅಪ್ಪ ಗಿಡ ಹುಡುಕಿಕೊಂಡು ಅಲೆಯುತ್ತಿದ್ದ ಕಾಲದ ಒಂದು ಫೋಟೋ ಬೇಕು. ಮನೆಯಲ್ಲಿ ಒಂದೂ ಇಲ್ಲ. ನಿಮ್ಮ ಹತ್ತಿರ ಇದ್ದೀತು ಅನ್ನಿಸಿತು. ಕಳಿಸಿದರೆ ಜೋಪಾನವಾಗಿ ವಾಪಸ್ಸು ಕಳಿಸುತ್ತೇನೆ.

ಅಪ್ಪ ಆರೋಗ್ಯವಾಗಿದ್ದಾರೆ.

ನಿಮ್ಮ
ಗುಬ್ಬಿ


೧೫ ಸೆಪ್ಟೆಂಬರ್ ೧೯೮೮

ಗುಬ್ಬಿ,

ಬೈದುಕೊಳ್ಳಲಿಲ್ಲ. ನಾನೂ ಬರೆದಿಲ್ಲವಲ್ಲ, ಇಬ್ಬರದೂ ತಪ್ಪು, ಅಲ್ಲಿಗೆ ಮುಗೀತು.

ಫೋಟೋ ಟ್ರಂಕಿನ ತಳದಲ್ಲಿ ಸಿಕ್ಕಿತು. ಅಣ್ಣನಿಗೆ ಆಗ ಮೂವತ್ತನಾಲ್ಕು. ತಲೆ ತುಂಬ ಕೂದಲಿದೆ, ಬೇರೆ ಯಾರೋ ಅಂದುಕೊಂಡು ವಾಪಸ್ಸು ಕಳಿಸಬೇಡ.

ನಿನ್ನ ಕಾಗದ ಬಂದಿದ್ದು ಒಳ್ಳೇದೇ ಆಯ್ತು. ನಾನು ಈಗಲೂ ಆಸ್ಪತ್ರೆಯವರಿಗೇ ಕೋಟು, ಏಪ್ರನ್ನು ಹೊಲೀತಾ ಇದ್ದೀನಿ. ಲಾಂಡ್ರಿ ಪಕ್ಕದ ಮೆಟ್ಟಿಲು ಹತ್ತಿದರೆ ಸಿಗುವ ಅದೇ ಕೋಣೆ, ಅದೇ ಮಷೀನು. ಹೋದ ತಿಂಗಳು ಒಬ್ಬಳು ನರ್ಸು ತನ್ನ ಮಗಳ ಪುಸ್ತಕ ತಂದು, ಬೆನ್ನು ಬಿಚ್ಚಿಹೋಗಿದೆ, ಒಂದೆರಡು ಹೊಲಿಗೆ ಹಾಕಿಕೊಡಿ ಅಂದಳು. ನೋಡಿದರೆ ಅಣ್ಣನ ಕೈಪಿಡಿ. ಹೊಲಿಯುವ ಮುಂಚೆ ಓದಿದೆ.

ನೂರ ಹನ್ನೆರಡನೇ ಪುಟದಲ್ಲಿ ಬಿಳಿ ಹೂವಿನ ತುಂಬೆ ಒಂದೇ ಜಾತಿ ಅಂತ ಇದೆ. ನನ್ನ ಕಿಟಕಿ ಕೆಳಗೆ ಲಾಂಡ್ರಿಯ ನೀರು ಹರಿಯುವ ಕಡೆ ತುಂಬೆ ಮಂಡಿಯುದ್ದ ಬೆಳೆದಿದೆ. ನನಗೆ ಅದರಲ್ಲಿ ಎರಡು ಕಾಣುತ್ತೆ. ಎರಡೂ ಕಡ್ಡಿ ಇದರ ಜೊತೆ ಇಟ್ಟಿದ್ದೀನಿ. ಹೂವು ನೋಡಬೇಡ, ಹೂವು ಒಂದೇ ಥರ. ಹೂವು ಕೂತಿರುವ ಹಸಿರು ಬಟ್ಟಲು ನೋಡು. ಒಂದರ ಬಾಯಿ ಓರೆ, ಕೋಟಿನ ತೋಳನ್ನು ಅವಸರದಲ್ಲಿ ಕತ್ತರಿಸಿದ ಹಾಗೆ, ಮೇಲಿನ ಹಲ್ಲು ಉದ್ದ. ಇನ್ನೊಂದರದು ನೇರ, ಅಳತೆ ಇಟ್ಟು ಕತ್ತರಿಸಿದ ಕಫ್ಫಿನ ಹಾಗೆ. ಹತ್ತು ಹಲ್ಲು, ಹತ್ತೂ ಸಮ.

ನಾನು ಓದಿದವಳಲ್ಲ. ತಪ್ಪಿದ್ದರೆ ತಿದ್ದು.

ಅತ್ತೆ


೨೪ ಸೆಪ್ಟೆಂಬರ್ ೧೯೮೮

ಅತ್ತೆಗೆ ನಮಸ್ಕಾರ.

ಫೋಟೋ ಬಹಳ ಚೆನ್ನಾಗಿದೆ. ಒಳಪುಟಕ್ಕೆ ಅಂತಲೇ ತೆಗೆಸಿದ ಹಾಗಿದೆ. ಅಪ್ಪನ ಎಡಗಡೆ ಇನ್ನೊಬ್ಬರ ಮೊಣಕೈ ಬಿದ್ದಿದೆ. ಅದು ಯಾರದು?

ನೀವು ಕಳಿಸಿದ ಕಡ್ಡಿಗಳನ್ನೂ ನೋಡಿದೆ. ಇಷ್ಟು ಗಮನವಿಟ್ಟು ನೋಡುವವರು ಅಪರೂಪ. ಆದರೆ ಗಿಡಗಳ ಈ ಕುಟುಂಬದಲ್ಲಿ ಎಲ್ಲರೂ ಎಡವುವುದು ಇಲ್ಲೇ. ತುಂಬೆ, ಪುದೀನ, ದೊಡ್ಡಪತ್ರೆ, ಕಾಡು ತುಳಸಿ, ಎಲ್ಲ ಒಂದೇ ಮನೆಯವರು. ನಾಲ್ಕು ಮೂಲೆಯ ಕಾಂಡ, ಎದುರುಬದುರು ಎಲೆ, ತುಟಿ ಬಿರಿದ ಹೂವು, ಬಟ್ಟಲಿನ ತಳದಲ್ಲಿ ನಾಲ್ಕು ಬೀಜ. ಅಕ್ಕತಂಗಿಯರು ಒಬ್ಬರ ಮುಖ ಇನ್ನೊಬ್ಬರು ಹೊತ್ತಿರುತ್ತಾರೆ. ಅದರ ಮೇಲೆ ಮಣ್ಣು ಬದಲಾದರೆ, ನೀರು ಹೆಚ್ಚುಕಡಿಮೆಯಾದರೆ ಒಂದೇ ಗಿಡ ಎರಡು ಥರ ಕಾಣುತ್ತದೆ. ನೆರಳಲ್ಲಿ ಬೆಳೆದದ್ದು ಮೆತ್ತಗೆ, ಬಿಸಿಲಲ್ಲಿ ಬೆಳೆದದ್ದು ಒರಟು. ನಿಮ್ಮ ಎರಡು ಕಡ್ಡಿಗಳದ್ದೂ ಇದೇ ಕಥೆ ಎಂದು ನನಗೆ ತೋರುತ್ತದೆ.

ಅಪ್ಪ ಈ ಗಿಡದ ನಲವತ್ತೊಂದು ಹಾಳೆ ಮಾಡಿಟ್ಟಿದ್ದಾರೆ. ನಲವತ್ತೊಂದನ್ನೂ ನೋಡಿಯೇ ಒಂದು ಎಂದು ಬರೆದಿದ್ದಾರೆ.

ಗುಬ್ಬಿ


೩ ಅಕ್ಟೋಬರ್ ೧೯೮೮

ಗುಬ್ಬಿ,

ಮೊಣಕೈ ಯಾರದ್ದಾದರೇನು, ಕತ್ತರಿಸಿ ಹಾಕು.

ನಿನ್ನ ಪಾಠ ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದೀಯ. ಆದರೆ ಲಾಂಡ್ರಿ ಹಿಂದೆ ಇರೋದು ಒಂದೇ ಮಣ್ಣು. ಇಬ್ಬರಿಗೂ ಸಿಗೋದು ಅದೇ ಸೋಪಿನ ನೀರು, ಅದೇ ಬಿಸಿಲು. ಎರಡೂ ಗಿಡ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ನಿಂತಿವೆ. ಮಣ್ಣು ಹೇಗೆ ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ನ್ಯಾಯ ಮಾಡುತ್ತೆ?

ಅದಕ್ಕೇ ಈ ಡಬ್ಬಿ. ಇಪ್ಪತ್ತು ಕಡ್ಡಿ ಇದೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೀನಿ. ಓರೆಬಾಯಿಯದಕ್ಕೆ ಬುಡದಲ್ಲಿ ಬಿಳಿ ದಾರ, ನೇರಬಾಯಿಯದಕ್ಕೆ ನೀಲಿ ದಾರ ಕಟ್ಟಿ, ಮೇಲೆ ಕಾಗದ ಸುತ್ತಿ ಮುಚ್ಚಿದ್ದೀನಿ. ಕಾಗದ ಬಿಚ್ಚಬೇಡ. ಎಲ್ಲ ಕಲಸಿಬಿಡು. ನಿನ್ನ ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡಿ ಎರಡು ಗುಡ್ಡೆ ಮಾಡು. ಆಮೇಲೆ ಕಾಗದ ಬಿಚ್ಚಿ ದಾರ ನೋಡು. ಗುಡ್ಡೆಯಲ್ಲಿ ದಾರ ಬೆರೆತಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೋಟು ಹೊಲೀತೀನಿ.

ಅತ್ತೆ


೧೩ ಅಕ್ಟೋಬರ್ ೧೯೮೮

ಅತ್ತೆಗೆ,

ಇಪ್ಪತ್ತಕ್ಕೆ ಇಪ್ಪತ್ತು.

ಮೊದಲು ಎಲೆ ನೋಡಿ ವಿಂಗಡಿಸಲು ಹೋಗಿ ತಲೆ ಕೆಟ್ಟಿತು. ಅದೂ ಇದೂ ಒಂದೇ. ಆಮೇಲೆ ನೀವು ಹೇಳಿದ ಹಾಗೆ ಬಟ್ಟಲೊಂದನ್ನೇ ನೋಡುತ್ತ ಹೋದೆ. ಅರ್ಧ ಗಂಟೆಯಲ್ಲಿ ಎರಡು ಗುಡ್ಡೆಯಾದವು. ಕಾಗದ ಬಿಚ್ಚುತ್ತ ಒಂದೊಂದೇ ಎಣಿಸಿದೆ. ಒಂದು ಕಡೆ ಹತ್ತು ಬಿಳಿ, ಇನ್ನೊಂದು ಕಡೆ ಹತ್ತು ನೀಲಿ. ನೇರಬಾಯಿಯ ಬಟ್ಟಲನ್ನು ಸೀಳಿ ನೋಡಿದೆ. ಗಂಟಲಲ್ಲಿ ಒಳಗಡೆ ಬಿಳಿ ರೋಮದ ಉಂಗುರವಿದೆ. ಓರೆಬಾಯಿಯದರಲ್ಲಿ ಅದು ಇಲ್ಲವೇ ಇಲ್ಲ. ಬರಿಗಣ್ಣಿಗೆ ಕಾಣದ ಆ ಉಂಗುರ ಇದೆಯೋ ಇಲ್ಲವೋ ಎಂಬುದು ನಿಮಗೆ ಎರಡನೇ ಮಹಡಿಯ ಕಿಟಕಿಯಿಂದಲೇ ಗೊತ್ತಾದ ಹಾಗಾಯಿತು.

ಹನ್ನೊಂದು ವರ್ಷದಿಂದ ನಾನು ಈ ಕೆಲಸದಲ್ಲಿದ್ದೇನೆ. ಮಣ್ಣಿನ ಪಾಠ ಹೇಳಿದ್ದಕ್ಕೆ ನಾಚಿಕೆಯಾಗುತ್ತಿದೆ, ಕ್ಷಮಿಸಿ. ನಿಮ್ಮ ಕಣ್ಣಿಗೆ ಕೈಮುಗಿಯಬೇಕು.

ಒಂದು ಮಾತು. ಈ ವಿಷಯ ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ. ಅಪ್ಪನಿಗೆ ನೀವು ಬರೆಯಬೇಡಿ. ಏಕೆಂದು ಈಗ ಕೇಳಬೇಡಿ.

ಗುಬ್ಬಿ


೨೦ ಅಕ್ಟೋಬರ್ ೧೯೮೮

ಗುಬ್ಬಿ,

ಕೇಳೋದಿಲ್ಲ. ನನಗೆ ಗೊತ್ತಾಯ್ತು. ಅಪ್ಪನ ಪುಸ್ತಕದಲ್ಲಿ ತಪ್ಪು ಹುಡುಕೋಕೆ ಅತ್ತೆ ಕಾದು ಕೂತಿದ್ದಳು ಅಂತ ನಿನಗೆ ಅನ್ನಿಸಿದೆ. ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅದಕ್ಕೇ ಇದ್ದದ್ದನ್ನು ಹೇಳಿಬಿಡ್ತೀನಿ.

ಮೊಣಕೈ ನನ್ನದು. ನಾಲ್ಕು ವರ್ಷ ನಾನು ಅಣ್ಣನ ಜೊತೆ ಗಿಡ ಹುಡುಕೋಕೆ ಹೋಗ್ತಾ ಇದ್ದೆ. ಅವನು ಬರೆಯೋದು, ನಾನು ಕೀಳೋದು, ಒತ್ತೋದು, ಚೀಟಿ ಕಟ್ಟೋದು. ಅಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ. ಅಣ್ಣ ನಡೆಯುವಾಗ ಕಾಲಿಗೆ ಸಿಕ್ಕ ಹುಲ್ಲಿನ ಜಾತಿಯನ್ನೂ ಹೇಳುತ್ತಿದ್ದ. ದಣಿವು ಅನ್ನೋದು ಅವನಿಗೆ ಗೊತ್ತೇ ಇರಲಿಲ್ಲ. ನಾಲ್ಕನೇ ವರ್ಷ ಅವನ ಮೇಷ್ಟ್ರು ಊರಿಂದ ಬಂದರು. ಅವತ್ತು ತುಂಬೆ ಕಿತ್ತಿದ್ದೆ. ಇವು ಎರಡು ಬೇರೆ ಬೇರೆ ಅಂತ ಮೇಷ್ಟ್ರ ಮುಂದೆ ಬಾಯಿ ಹಾಕಿದೆ. ಅಣ್ಣ ನಕ್ಕು, "ಇವಳಿಗೆ ಎಲ್ಲಾ ಕಡೆ ಹೊಲಿಗೆ ಕಾಣುತ್ತೆ" ಅಂದ. ಮೇಷ್ಟ್ರೂ ನಕ್ಕರು. ಅಷ್ಟೇ ನಡೆದಿದ್ದು. ಮಾರನೇ ದಿನ ನಾನು ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಅವನೂ ಕರೀಲಿಲ್ಲ. ಆಮೇಲೆ ಮದುವೆಮನೆಗಳಲ್ಲಿ ಸಿಕ್ಕಾಗ ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಅಷ್ಟರಲ್ಲೇ ಇಪ್ಪತ್ತೆಂಟು ವರ್ಷ ಆಗಿಹೋಯ್ತು.

ಈಗ ಸೇಡು ತೀರಿಸಿಕೊಳ್ಳೋಕೆ ಡಬ್ಬಿ ಕಳಿಸಲಿಲ್ಲ, ಗುಬ್ಬಿ. ಆ ನರ್ಸಿನ ಮಗಳು ಪುಸ್ತಕ ಹಿಡಿದುಕೊಂಡು ಕಿಟಕಿ ಕೆಳಗೆ ನಿಂತು ಎರಡನ್ನೂ ಒಂದೇ ಕಂತೆಗೆ ಕಟ್ಟುತ್ತಿದ್ದಳು. ನೋಡೋಕೆ ಆಗಲಿಲ್ಲ.

ಬಿಟ್ಟುಬಿಡು. ಪುಸ್ತಕ ಇದ್ದ ಹಾಗೇ ಬರಲಿ. ಅಣ್ಣನ ಮನಸ್ಸು ನೋಯೋದು ಬೇಡ.

ಅತ್ತೆ


೧೬ ನವೆಂಬರ್ ೧೯೮೮

ಗುಬ್ಬಿ,

ನಾನು ಬರೆದು ಒಂದು ತಿಂಗಳಾಗುತ್ತಾ ಬಂತು. ಕೋಪವಿದ್ದರೆ ಕೋಪ ಅಂತಲೇ ಎರಡು ಸಾಲು ಬರಿ. ನಿನ್ನಪ್ಪನ ಹಾಗೆ ಸುಮ್ಮನಿರೋದನ್ನ ನೀನೂ ಕಲಿಯಬೇಡ.

ಅತ್ತೆ


೨ ಡಿಸೆಂಬರ್ ೧೯೮೮

ಅತ್ತೆಗೆ ನಮಸ್ಕಾರ.

ಕೋಪವಿಲ್ಲ. ಬರೆಯಲು ಕೂತಾಗಲೆಲ್ಲ ಒಂದು ಸುಳ್ಳನ್ನು ಮೊದಲು ಒಪ್ಪಿಕೊಳ್ಳಬೇಕಾಗುತ್ತಿತ್ತು, ಅಲ್ಲಿಗೇ ಪೆನ್ನು ನಿಲ್ಲುತ್ತಿತ್ತು. ಅಪ್ಪ ಆರೋಗ್ಯವಾಗಿದ್ದಾರೆ ಎಂದು ಬರೆದೆನಲ್ಲ, ಅದು ನಿಜವಲ್ಲ. ಜುಲೈಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಏಳುತ್ತಿಲ್ಲ. ಮಾತು ಬಂದಿದೆ, ಆದರೆ ಒಂದೊಂದೇ, ತಡೆದು ತಡೆದು. ಯಾರಿಗೂ ತಿಳಿಸಬೇಡ ಎಂದು ಅವರೇ ಕೈಸನ್ನೆಯಲ್ಲಿ ಕೇಳಿಕೊಂಡರು. ಮನಸ್ಸಿಗೆ ಆಘಾತವಾಗುವಂಥದ್ದು ಏನೂ ಬೇಡ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ನಿಮಗೆ ಬರೆಯಬೇಡಿ ಎಂದೆ. ನೀವು ಸೇಡಿಗೆ ಮಾಡಿದಿರಿ ಎಂದು ನಾನು ಒಂದು ಕ್ಷಣವೂ ಅಂದುಕೊಂಡವಳಲ್ಲ.

ಆದದ್ದು ಹೀಗೆ. ನಡಿಗೆ ರೂಢಿಯಾಗಲಿ ಎಂದು ಅಪ್ಪ ದಿನಾ ಮಧ್ಯಾಹ್ನ ಕೋಲು ಹಿಡಿದು ಸಂಗ್ರಹಾಲಯಕ್ಕೆ ಬರುತ್ತಾರೆ, ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ನಿಮ್ಮ ಕಡ್ಡಿಗಳನ್ನು ಕಪಾಟಿನಲ್ಲಿ ಇಟ್ಟಿದ್ದೆ. ನವೆಂಬರ್ ಮೊದಲ ವಾರ ನಾನು ಯಾವುದೋ ಕಡತ ತೆಗೆಯುವಾಗ ನೀಲಿ ದಾರದ ಒಂದು ಕಡ್ಡಿ ಕೆಳಗೆ ಬಿತ್ತು. ಅಪ್ಪ ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡರು. ಗಿಡ ನೋಡಲೇ ಇಲ್ಲ. ಗಂಟನ್ನು ನೋಡಿದರು.

"ಇದು ನನ್ನ ತಂಗಿ ಗಂಟು" ಎಂದರು.

ಅಡಗಿಸಲು ಇನ್ನೇನು ಉಳಿದಿತ್ತು? ನಿಮ್ಮ ಕಾಗದಗಳನ್ನೆಲ್ಲ ಓದಿ ಹೇಳಿದೆ. ಮೇಷ್ಟ್ರು ನಕ್ಕ ಭಾಗವನ್ನು ಅವರು ಇನ್ನೊಂದು ಸಲ ಓದಿಸಿದರು. ಆಮೇಲೆ ಎದ್ದು ಮನೆಗೆ ಹೋದರು. ಆರು ದಿನ ಸಂಗ್ರಹಾಲಯದ ಕಡೆ ಬರಲಿಲ್ಲ, ಮನೆಯಲ್ಲೂ ತುಂಬೆಯ ಮಾತೆತ್ತಲಿಲ್ಲ. ನಾನು ಕೈಯಾರೆ ಹಾಳುಮಾಡಿದೆ ಎಂದು ಹೆದರಿಹೋದೆ.

ಏಳನೇ ದಿನ ಬಂದವರೇ, "ನೀರು ಕಾಯಿಸು" ಎಂದರು. ಒಣಗಿದ ಹೂವನ್ನು ಬಿಸಿನೀರಲ್ಲಿ ನೆನೆಸಿದರೆ ಅದು ಉಬ್ಬಿ ಮೊದಲಿನ ಆಕಾರಕ್ಕೆ ಬರುತ್ತದೆ, ಆಗ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಬಹುದು. ತುಂಬೆಯ ಕಡತ ತರಿಸಿದರು. ಹದಿನೇಳನೇ ಹಾಳೆಯನ್ನು ತಾವೇ ಹುಡುಕಿ ತೆಗೆದರು. ಅದರಿಂದ ಒಂದು ಹೂವು ಬಿಡಿಸಿ ನೀರಿಗೆ ಹಾಕಲು ಹೇಳಿದರು. ಹತ್ತು ನಿಮಿಷಕ್ಕೆ ಬಟ್ಟಲು ಬಾಯಿ ತೆರೆಯಿತು. ನೇರವಾಗಿತ್ತು. ಒಳಗೆ ರೋಮದ ಉಂಗುರವೂ ಇತ್ತು. ಅಪ್ಪ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಆಮೇಲೆ ತಡೆದು ತಡೆದು ಹೇಳಿದ್ದನ್ನು ನಾನು ಕೂಡಿಸಿ ಬರೆಯುತ್ತಿದ್ದೇನೆ: "ಒತ್ತಿದಾಗ ಬಾಯಿ ಮಡಚಿಕೊಳ್ಳುತ್ತೆ. ಮಡಚಿದ ಮೇಲೆ ಎರಡೂ ಓರೆಯೇ. ನಾನು ಹಾಳೆಯಲ್ಲಿ ನೋಡಿದೆ. ಅವಳು ಗಿಡದಲ್ಲಿ ನೋಡಿದ್ದಳು."

ಆ ಹಾಳೆಯನ್ನು ತಿರುಗಿಸಿ ನನಗೆ ತೋರಿಸಿದರು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ, ಅವರದೇ ಅಕ್ಷರದಲ್ಲಿ ಒಂದು ಸಾಲಿದೆ: "ತಂಗಿ ಇದು ಬೇರೆ ಎನ್ನುತ್ತಾಳೆ. ಬಟ್ಟಲಿನ ಬಾಯಿ. ಮತ್ತೆ ನೋಡಬೇಕು." ಹಾಳೆಯ ಮುಂಬದಿಯಲ್ಲಿ ಗಿಡ ಕಿತ್ತ ದಿನದ ತಾರೀಖಿದೆ, ಅದೇ ಅಲ್ಲೂ ಇದೆ. ಅಂದರೆ ನಕ್ಕ ದಿನವೇ ಬರೆದಿದ್ದಾರೆ, ಅತ್ತೆ.

ಮತ್ತೆ ಏಕೆ ನೋಡಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತೇನೋ. ಆದರೆ ಅವರು ಉತ್ತರ ಕೊಟ್ಟರು. "ನೋಡಿದ್ದರೆ ಅವಳದೇ ಸರಿ ಅಂತ ಆಗ್ತಿತ್ತು. ಹೆದರಿಕೆ ಆಯ್ತು."

ನಾವು ಹಾಳೆಗಳ ಮೇಲೆ ತಿದ್ದುಪಡಿಯ ಚೀಟಿ ಅಂಟಿಸುತ್ತೇವೆ. ಹಳೆಯದನ್ನು ಹರಿಯುವುದಿಲ್ಲ, ಅದರ ಪಕ್ಕದಲ್ಲಿ ಹೊಸದು. ಬರೆದುಕೊಡುತ್ತೇನೆ ಎಂದರೆ ಬೇಡ ಎಂದರು. ಎಡಗೈಯಲ್ಲಿ ಪೆನ್ನು ಹಿಡಿದು ನಲವತ್ತು ನಿಮಿಷ ಬರೆದರು. ಮೂರು ಚೀಟಿ ಕೆಟ್ಟವು. ನಾಲ್ಕನೆಯದು ನಿಂತಿತು. "ಇದು ತುಂಬೆಯೇ, ಆದರೆ ಬೇರೆ ಜಾತಿಯದು. ನನ್ನ ಗುರುತು ತಪ್ಪಾಗಿತ್ತು." ಗುರುತಿಸಿದವರು ಎಂಬಲ್ಲಿ ನಿಮ್ಮ ಹೆಸರು, ಇನಿಷಿಯಲ್ಲು ಸಮೇತ. ಅಕ್ಷರಗಳು ಒಂದನೇ ತರಗತಿಯ ಮಗು ಬರೆದ ಹಾಗಿವೆ. ಇದಕ್ಕಿಂತ ಚಂದದ ಬರವಣಿಗೆಯನ್ನು ನಾನು ಆ ಕಪಾಟಿನಲ್ಲಿ ಕಂಡಿಲ್ಲ.

ನೂರ ಹನ್ನೆರಡನೇ ಪುಟ ತಡೆಹಿಡಿಯಲು ಪ್ರೆಸ್ಸಿನವರಿಗೆ ಹೇಳಿದ್ದೇನೆ. ಇನ್ನು ನಲವತ್ತು ಹಾಳೆ ಉಳಿದಿವೆ. ಒಂದೊಂದನ್ನೂ ನೆನೆಸಿ ನೋಡಬೇಕು. ನಾನು ಶುರುಮಾಡಲು ಹೋದರೆ ಅಪ್ಪ ಕಡತದ ಮೇಲೆ ಕೈಯಿಟ್ಟು ಬಿಡುತ್ತಿಲ್ಲ. ಅವರು ಯಾರಿಗೆ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತು. ಬಾಯಿಬಿಟ್ಟು ಹೇಳುವವರಲ್ಲ.

ಗುಬ್ಬಿ


೮ ಡಿಸೆಂಬರ್ ೧೯೮೮

ಗುಬ್ಬಿ,

ಜುಲೈಯಿಂದ ನನ್ನಣ್ಣ ಕೈ ಬಿದ್ದು ಕೂತಿದ್ದಾನೆ, ನೀನು ನನಗೆ ಫೋಟೋ ಕೇಳಿ ಕಾಗದ ಬರೀತೀಯ. ಇದಕ್ಕೆ ನಿನಗೆ ಬೈಗುಳ ಬಾಕಿ ಇದೆ, ಮುಖಾಮುಖಿ ಬೈತೀನಿ.

ಆಸ್ಪತ್ರೆಯವರಿಗೆ ಕೋಟು ಹತ್ತು ದಿನ ತಡ ಅಂತ ಹೇಳಿದ್ದೀನಿ. ಭಾನುವಾರ ಬೆಳಗಿನ ಬಸ್ಸಿಗೆ ಹೊರಡ್ತೀನಿ. ಬರ್ತಾ ಇದ್ದೀನಿ ಅಂತ ಅವನಿಗೆ ಹೇಳಬೇಡ. ಹೇಳಿದರೆ ಕುರ್ಚಿಯಿಂದೆದ್ದು ಬಾಗಿಲಲ್ಲಿ ನಿಂತು ಕಾಯ್ತಾನೆ, ಕಾಲು ನೋಯುತ್ತೆ.

ಅತ್ತೆ


೨೩ ಡಿಸೆಂಬರ್ ೧೯೮೮

ಗುಬ್ಬಿ,

ಸುಖವಾಗಿ ಮನೆ ಸೇರಿದೆ. ಹೊರಡುವಾಗ ನೀನು ಪ್ರೆಸ್ಸಿನಲ್ಲಿದ್ದೆ, ಅದಕ್ಕೆ ಕೊನೆಯ ದಿನದ ಸಂಗತಿ ನಿನಗೆ ಪೂರ್ತಿ ಗೊತ್ತಿಲ್ಲ. ಹೇಳ್ತೀನಿ.

ನಾನು ಒಳಗೆ ಬಂದ ದಿನ ಅಣ್ಣ ಏನಂದ ಅಂತ ನೀನೇ ಕೇಳಿಸಿಕೊಂಡಿದ್ದೀಯ. ತಪ್ಪಾಯ್ತು ಅನ್ನಲಿಲ್ಲ, ಹೇಗಿದ್ದೀಯ ಅಂತಲೂ ಅನ್ನಲಿಲ್ಲ. ಪಕ್ಕದ ಕುರ್ಚಿ ತೋರಿಸಿ, "ಹದಿನೆಂಟನೇ ಹಾಳೆ" ಅಂದ. ನನಗೂ ಅಷ್ಟೇ ಬೇಕಿತ್ತು. ಅವತ್ತಿಂದ ನಾನು ಹೂವು ನೆನೆಸೋದು, ಸೂಜಿಯಲ್ಲಿ ಬಟ್ಟಲು ಬಿಡಿಸೋದು, ಬಾಯಿ ನೋಡಿ ಹೇಳೋದು. ಅವನು ಗಂಟಲಿನ ರೋಮ ನೋಡಿ ಹೂಂ ಅನ್ನೋದು. ಇಬ್ಬರೂ ಹೂಂ ಅಂದಮೇಲೇ ಚೀಟಿ. ಇಪ್ಪತ್ತಾರನೇ ಹಾಳೆಯಲ್ಲಿ ನಾನು ನೇರ ಅಂದೆ, ಅವನು ತಲೆಯಾಡಿಸಿದ. ಮತ್ತೆ ನೋಡಿದರೆ ಓರೆಯೇ. ಒಂದು ಹಲ್ಲು ಮುರಿದು ನೇರ ಕಂಡಿತ್ತು. ಎಡಗೈಯಲ್ಲಿ ಬಟ್ಟಲಿಟ್ಟ ಗಾಜನ್ನು ತಿರುಗಿಸುತ್ತಾ, ಮಾತು ತಡೆಯುವ ಬಾಯಲ್ಲಿ ಅವನು ಆ ಮುರಿದ ಹಲ್ಲನ್ನು ನನಗೆ ಕಾಣಿಸಿದ ರೀತಿ ಇದೆಯಲ್ಲ, ನನ್ನ ಅಣ್ಣ ಯಾಕೆ ಅಷ್ಟು ಜನಕ್ಕೆ ಮೇಷ್ಟ್ರಾದ ಅಂತ ಅವತ್ತು ಗೊತ್ತಾಯ್ತು.

ಕೊನೆಗೆ ಓರೆಬಾಯಿ ಇಪ್ಪತ್ತಮೂರು, ನೇರಬಾಯಿ ಹದಿನೇಳು. ಉಳಿದದ್ದು ಒಂದು. ಒಂಬತ್ತನೇ ಹಾಳೆ, ಮೂರನೇ ವರ್ಷ ನಾನೇ ಕಿತ್ತದ್ದು. ಹುಳು ಹೊಡೆದು ಹೂವೆಲ್ಲ ಪುಡಿಯಾಗಿತ್ತು, ಒಂದು ಬಟ್ಟಲೂ ಉಳಿದಿರಲಿಲ್ಲ. ಎಲೆಯ ರೋಮ ಮುಟ್ಟಿ ನೋಡಿದೆ, ಮೆತ್ತಗಿತ್ತು. ಇದು ನೇರಬಾಯಿಯದೇ, ಬರಿ ಅಂದೆ. ನಾನು ಹೇಳಿದ್ದನ್ನು ಈಗ ಅವನು ಬರೀತಾನೆ ಅಂತ ಗೊತ್ತಿತ್ತು. ಪೆನ್ನು ಎತ್ತಿಕೊಂಡೇ ಇದ್ದ.

ಪೆನ್ನು ಕೆಳಗಿಟ್ಟ. "ಬಟ್ಟಲು ನೋಡದೆ ಹೇಳ್ತೀಯಾ?" ಅಂದ.

ಗುಬ್ಬಿ, ನನ್ನ ಮಾತು ಇನ್ನೊಂದು ಸಲ ತಳ್ಳಿಹಾಕಿದರೆ ಹೇಗಿರುತ್ತೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಸಿಟ್ಟು ಬರುತ್ತೆ ಅಂದುಕೊಂಡಿದ್ದೆ. ಬರಲಿಲ್ಲ. ಅವನು ನಗುತ್ತಿರಲಿಲ್ಲ. ನನ್ನನ್ನೇ ನೋಡ್ತಾ, ನಾನು ಏನು ಹೇಳ್ತೀನಿ ಅಂತ ನಿಜವಾಗಿ ಕಾಯ್ತಾ ಇದ್ದ. ಹಾಳೆಯನ್ನು ಕಿಟಕಿ ಹತ್ತಿರ ಒಯ್ದೆ, ಮೂಲೆಮೂಲೆ ಹುಡುಕಿದೆ, ಪುಡಿಯನ್ನೂ ಕೆದಕಿದೆ. ಬಂದು, ಇಲ್ಲ ಅಣ್ಣ, ಹೇಳೋಕಾಗಲ್ಲ ಅಂದೆ.

ಅವನು ಚೀಟಿ ತಗೊಂಡು "ಗೊತ್ತಾಗಲಿಲ್ಲ" ಅಂತ ಬರೆದ, ರುಜು ಹಾಕಿದ. ಆಮೇಲೆ ಅದನ್ನು ನನ್ನ ಕಡೆ ಸರಿಸಿ ಪೆನ್ನು ಕೊಟ್ಟ. ಅವನದರ ಕೆಳಗೆ ನಾನೂ ನನ್ನ ರುಜು ಹಾಕಿದೆ.

ಅತ್ತೆ